ಸಂಜೆ ಹಾರುವ ವಿಮಾನಕ್ಕೆ ಬೆಳಗಿನಿಂದಲೇ ದುಡಿಮೆ: ಲ್ಯಾಂಕಾಸ್ಟರ್ ಸ್ಕ್ವಾಡ್ರನ್ನಿನ ಒಂದು ದಿನ

ಪ್ರಶ್ನೆ: ಎರಡನೇ ಮಹಾಯುದ್ಧದ ಬಾಂಬರ್‌ಗಳ ಬಗ್ಗೆ ಎಲ್ಲಿ ನೋಡಿದರೂ ಆಕಾಶದಲ್ಲಿ ನಡೆದದ್ದೇ ಸಿಗುತ್ತದೆ. ದಾಳಿ ಇದ್ದ ದಿನ ಬೆಳಗಿನಿಂದ ರಾತ್ರಿಯವರೆಗೆ ವಾಯುನೆಲೆಯಲ್ಲಿ ಏನು ನಡೆಯುತ್ತಿತ್ತು? ಎಷ್ಟು ಪೆಟ್ರೋಲ್, ಎಷ್ಟು ಬಾಂಬ್ ಎಂದು ಯಾರು, ಹೇಗೆ ಗೊತ್ತುಮಾಡುತ್ತಿದ್ದರು? ವಿಮಾನ ಇನ್ನು ಬರುವುದಿಲ್ಲ ಎಂದು ನೆಲದಲ್ಲಿದ್ದವರಿಗೆ ಯಾವಾಗ ತಿಳಿಯುತ್ತಿತ್ತು?

ಉತ್ತರ: ಮೂರು ಪ್ರಶ್ನೆಗಳನ್ನೂ ಒಂದೇ ದಾರ ಪೋಣಿಸುತ್ತದೆ, ಅದು ಪೆಟ್ರೋಲಿನ ಲೆಕ್ಕ. ಬೆಳಿಗ್ಗೆ ಆ ಲೆಕ್ಕ ಹಾಕಿದಾಗಲೇ ಎಷ್ಟು ದೂರ, ಎಷ್ಟು ಬಾಂಬ್, ಎಷ್ಟು ಹೊತ್ತು ಎಂಬುದೆಲ್ಲ ತೀರ್ಮಾನವಾಗುತ್ತಿತ್ತು. ಉತ್ತರ ಕಣ್ಣಿಗೆ ಕಟ್ಟುವಂತಿರಲಿ ಎಂದು ಒಂದು ಕಡೆ, ಒಂದು ಕಾಲ ಹಿಡಿದುಕೊಳ್ಳೋಣ: 1943-44ರ ಚಳಿಗಾಲ, ಪೂರ್ವ ಇಂಗ್ಲೆಂಡಿನ ಲಿಂಕನ್‌ಶೈರ್, ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡಿಗೆ ಸೇರಿದ, ಲ್ಯಾಂಕಾಸ್ಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್‌ಗಳ ಒಂದು ಸ್ಕ್ವಾಡ್ರನ್. ಸುಮಾರು ಇಪ್ಪತ್ತು ವಿಮಾನ. ಒಂದೊಂದಕ್ಕೆ ಏಳು ಜನ: ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಇಬ್ಬರು ಗನ್ನರ್‌ಗಳು. ಹಾರುವವರು ನೂರೈವತ್ತರ ಆಸುಪಾಸು. ಅವರನ್ನು ಹಾರಿಸಲು ನೆಲೆಯಲ್ಲಿ ದುಡಿಯುತ್ತಿದ್ದ ಗಂಡಸರು, ಹೆಂಗಸರ ಸಂಖ್ಯೆ ಅದರ ಎಷ್ಟೋ ಪಟ್ಟು.

ದಿನ ಶುರುವಾಗುತ್ತಿದ್ದದ್ದು ಲಂಡನ್ನಿನ ಪಶ್ಚಿಮಕ್ಕಿರುವ ಹೈ ವಿಕಂಬ್ ಬಳಿಯ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಹವಾಮಾನದ ವರದಿ ನೋಡಿ ಅಂದಿನ ಗುರಿ ಆರಿಸುತ್ತಿದ್ದರು. ಜರ್ಮನಿಯ ಮೇಲೆ ಮೋಡ ಎಷ್ಟಿದೆ ಎಂಬುದಕ್ಕಿಂತ, ನಸುಕಿನಲ್ಲಿ ವಿಮಾನಗಳು ಮರಳುವಾಗ ಇಂಗ್ಲೆಂಡಿನಲ್ಲಿ ಮಂಜು ಇರುತ್ತದೆಯೇ ಎಂಬುದು ಎಷ್ಟೋ ಸಲ ದೊಡ್ಡ ಪ್ರಶ್ನೆಯಾಗುತ್ತಿತ್ತು. ಅಲ್ಲಿಂದ ಆದೇಶ, ಹಲವು ನೆಲೆಗಳನ್ನು ನೋಡಿಕೊಳ್ಳುವ ಗ್ರೂಪಿನ ಕೇಂದ್ರ ಕಚೇರಿಗೆ, ಗ್ರೂಪಿನಿಂದ ಟೆಲಿಪ್ರಿಂಟರ್ ಮೂಲಕ ನೆಲೆಗಳಿಗೆ. ಊರುಗಳಿಗೆ ಮೀನಿನ ಹೆಸರಿನ ಸಂಕೇತ ಇತ್ತು. ಬರ್ಲಿನ್ ಎಂದರೆ ‘ವೈಟ್‌ಬೈಟ್’. ಆದೇಶ ಬಂದ ಗಳಿಗೆಯಿಂದ ನೆಲೆಯ ಹೊರಗಿನ ಫೋನ್‌ಗಳು ಬಂದ್. ಮನೆಗೆ ಕರೆ ಮಾಡುವಂತಿಲ್ಲ, ಗೇಟು ದಾಟುವಂತಿಲ್ಲ. ಎಷ್ಟು ವಿಮಾನ ಬೇಕು, ಯಾವ ದಾರಿ, ಎಷ್ಟು ಪೆಟ್ರೋಲ್, ಯಾವ ಬಾಂಬ್ ಎಷ್ಟು, ಎಲ್ಲವೂ ಆ ಆದೇಶದಲ್ಲಿಯೇ ಇರುತ್ತಿತ್ತು. ಎಂದರೆ ನಿಮ್ಮ ‘ಯಾರು’ ಎಂಬ ಪ್ರಶ್ನೆಗೆ ಉತ್ತರ, ಮೇಲಿನವರು. ಅದನ್ನು ಜಾರಿಗೆ ತರುವ ಕಷ್ಟ ಮಾತ್ರ ಸ್ಕ್ವಾಡ್ರನ್ನಿನದು.

‘ಹೇಗೆ’ ಎಂಬುದು ಸರಳ ಕೂಡು-ಕಳೆಯುವ ಲೆಕ್ಕ. ಲ್ಯಾಂಕಾಸ್ಟರ್ ನೆಲ ಬಿಡುವಾಗ ಒಟ್ಟು ತೂಕ ಸುಮಾರು 65,000 ಪೌಂಡ್, ಅಂದರೆ 29,500 ಕಿಲೋ ಮೀರುವಂತಿರಲಿಲ್ಲ. ಬರಿಯ ವಿಮಾನವೇ ಸುಮಾರು 37,000 ಪೌಂಡ್. ಏಳು ಜನ ಮತ್ತು ಅವರ ಸಾಮಾನು, ನಾಲ್ಕು ಎಂಜಿನ್‌ಗಳಿಗೆ 150 ಗ್ಯಾಲನ್ ಆಯಿಲ್, ಎಂಟು ಬ್ರೌನಿಂಗ್ ಗನ್‌ಗಳಿಗೆ ಸುಮಾರು 14,000 ಗುಂಡು, ವೈರ್‌ಲೆಸ್, ರಾಡಾರ್ ಇವೆಲ್ಲ ಸೇರಿದರೆ 41,000 ಹತ್ತಿರ ಬರುತ್ತದೆ. ಉಳಿದ 24,000 ಪೌಂಡನ್ನು ಪೆಟ್ರೋಲ್ ಮತ್ತು ಬಾಂಬ್ ಹಂಚಿಕೊಳ್ಳಬೇಕು. ಎರಡು ರೆಕ್ಕೆಗಳಲ್ಲಿರುವ ಆರು ಟ್ಯಾಂಕುಗಳು ತುಂಬಿದರೆ 2,154 ಗ್ಯಾಲನ್, ಹೆಚ್ಚೂ ಕಡಿಮೆ 9,800 ಲೀಟರ್. ಗ್ಯಾಲನ್ನಿಗೆ 7.2 ಪೌಂಡಿನಂತೆ ಅದೇ 15,500 ಪೌಂಡ್. ಟ್ಯಾಂಕ್ ಭರ್ತಿಯಾದರೆ ಬಾಂಬಿಗೆ ಉಳಿಯುವುದು ಎಂಟೂವರೆ ಸಾವಿರ. ಹತ್ತಿರದ ರೂರ್ ಕೈಗಾರಿಕಾ ಪ್ರದೇಶವಾದರೆ 1,500 ಗ್ಯಾಲನ್ ಸಾಕು, ಬಾಂಬಿಗೆ ಇನ್ನೂ ನಾಲ್ಕೂವರೆ ಸಾವಿರ ಪೌಂಡಿಗೂ ಹೆಚ್ಚು ಜಾಗ ಸಿಗುತ್ತದೆ. ಬರ್ಲಿನ್ನಿಗೆ ಹೋದ ವಿಮಾನಗಳು ಕಡಿಮೆ ಬಾಂಬ್ ಹೊತ್ತದ್ದು ಇದಕ್ಕೇ.

ಖರ್ಚಿನ ಅಂದಾಜು ಇನ್ನೂ ಸರಳ. ಗಂಟೆಗೆ ಸುಮಾರು 200 ಗ್ಯಾಲನ್; ಗ್ಯಾಲನ್ನಿಗೆ ಒಂದು ಮೈಲಿ. ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ 2.8 ಲೀಟರ್. ಬರ್ಲಿನ್ ಹೋಗಿ ಬರಲು ಏಳೆಂಟು ಗಂಟೆ ಬೇಕು. ಎದುರುಗಾಳಿ, ಸುತ್ತು ದಾರಿ, ಫೈಟರ್‌ನಿಂದ ತಪ್ಪಿಸಿಕೊಳ್ಳುವಾಗ ಎಂಜಿನ್ ಹಿಂಡಿದ್ದು, ಮರಳಿದ ಮೇಲೆ ಇಳಿಯಲು ಸರದಿ ಕಾಯುವುದು, ಇವೆಲ್ಲಕ್ಕೂ ಒಂದಿಷ್ಟು ಮೀಸಲು ಸೇರುತ್ತಿತ್ತು. ಈ ಮೀಸಲನ್ನು ಕತ್ತರಿಸಿ ಬಾಂಬ್ ಹೆಚ್ಚಿಸುವ ಒತ್ತಡ ಮೇಲಿನಿಂದ ಸದಾ ಇರುತ್ತಿತ್ತು. ನಸುಕಿನಲ್ಲಿ ಉತ್ತರ ಸಮುದ್ರಕ್ಕೆ ಬಿದ್ದ ಎಷ್ಟೋ ವಿಮಾನಗಳ ಹಿಂದೆ ಬರಿದಾದ ಟ್ಯಾಂಕ್ ಇತ್ತು. ಗುಂಡು ತಗುಲಿ ಸೋರಿದ್ದೂ ಉಂಟು, ಗಾಳಿಯ ಅಂದಾಜು ತಪ್ಪಿದ್ದೂ ಉಂಟು.

ಗುರಿಯ ಹೆಸರು ಸಂಜೆಯ ಬ್ರೀಫಿಂಗ್‌ವರೆಗೆ ಗುಟ್ಟು. ಆದರೆ ಬೌಸರ್ ಎನ್ನುವ ಟ್ಯಾಂಕರ್ ಲಾರಿ ವಿಮಾನದ ಬಳಿ ನಿಂತಾಗ ಗುಟ್ಟು ಅರ್ಧ ರಟ್ಟಾಗುತ್ತಿತ್ತು. ದೊಡ್ಡ ಬೌಸರ್ 2,500 ಗ್ಯಾಲನ್ ಹಿಡಿಸುತ್ತದೆ. ಒಂದು ಲ್ಯಾಂಕಾಸ್ಟರ್ ಭರ್ತಿಯಾದರೆ ಅದು ಹೆಚ್ಚೂ ಕಡಿಮೆ ಖಾಲಿ. ಪೆಟ್ರೋಲ್ ಹಾಕುವವನ ಬಾಯಿಂದ ‘2,154’ ಎಂಬ ಅಂಕಿ ಬಂತೆಂದರೆ ಗುರಿ ದೂರದ ಊರು ಎಂದು ಸುತ್ತಲಿದ್ದವರಿಗೆಲ್ಲ ತಿಳಿಯುತ್ತಿತ್ತು.

ಬಾಂಬಿನ ಕೆಲಸ ಎಲ್ಲಕ್ಕಿಂತ ಭಾರವಾದದ್ದು. ಬಾಂಬ್ ಡಂಪ್ ನೆಲೆಯ ಒಂದು ಮೂಲೆಯಲ್ಲಿ, ಮಣ್ಣಿನ ದಿಬ್ಬಗಳ ನಡುವೆ ಇರುತ್ತಿತ್ತು. ನಗರಗಳ ಮೇಲಿನ ದಾಳಿಯ ಹೊರೆ ಸಾಮಾನ್ಯವಾಗಿ ಎರಡು ಬಗೆಯದು. ‘ಕುಕಿ’ ಎಂದು ಕರೆಯುತ್ತಿದ್ದ 4,000 ಪೌಂಡಿನ ಒಂದು ದೊಡ್ಡ ಬಾಂಬ್. ತೆಳ್ಳನೆಯ ತಗಡಿನ ಡ್ರಮ್ಮಿನಂಥದ್ದು, ಒಳಗೆ ಬಹುಪಾಲು ಸ್ಫೋಟಕವೇ. ಅದರ ಜೊತೆಗೆ 4 ಪೌಂಡಿನ ಸಣ್ಣ ಬೆಂಕಿ ಬಾಂಬುಗಳು, ಪೆಟ್ಟಿಗೆಗೆ 90ರಂತೆ. ಕುಕಿ ಹೆಂಚು, ಕಿಟಕಿ, ಬಾಗಿಲು ಕೀಳುತ್ತದೆ. ತೆರೆದ ಮನೆಯೊಳಗೆ ಬೆಂಕಿ ಬೀಳುತ್ತದೆ, ಗಾಳಿ ಅದನ್ನು ಹಬ್ಬಿಸುತ್ತದೆ. ಜನ ವಾಸಿಸುವ ಊರನ್ನು ಸುಡುವುದಕ್ಕೆಂದೇ ಹೊಂದಿಸಿದ ಮಿಶ್ರಣ ಇದು. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗ್‌ನಲ್ಲಿ ಎದ್ದ ಬೆಂಕಿಯ ಬಿರುಗಾಳಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ನಾಗರಿಕರು. ಸ್ಕ್ವಾಡ್ರನ್ನಿನ ದಿನಚರಿ ಬರೆಯುವವರು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳಬಾರದು, ಹೊರೆ ಕಟ್ಟುವ ಜಾಗದಲ್ಲಿಯೇ ಹೇಳಬೇಕು.

ಆರ್ಮರರ್‌ಗಳು, ಅಂದರೆ ಬಾಂಬು-ಗನ್ನುಗಳ ಕೆಲಸದವರು, ಬೆಂಕಿ ಬಾಂಬುಗಳನ್ನು ಕೈಯಿಂದಲೇ ಪೆಟ್ಟಿಗೆಗೆ ಜೋಡಿಸಿ, ತಗ್ಗಾದ ಟ್ರಾಲಿಗಳ ಮೇಲೆ ಸಾಲಾಗಿ ಇಟ್ಟು, ಟ್ರ್ಯಾಕ್ಟರಿಗೆ ಕಟ್ಟಿ, ಮೈದಾನದ ಸುತ್ತಲಿನ ರಸ್ತೆಯಲ್ಲಿ ನಿಧಾನವಾಗಿ ಎಳೆದು ತರುತ್ತಿದ್ದರು. ಲ್ಯಾಂಕಾಸ್ಟರಿನ ಹೊಟ್ಟೆಯಲ್ಲಿ ಬಾಂಬ್ ತೂಗಿಸುವ ಜಾಗ, ಬಾಂಬ್ ಬೇ, 33 ಅಡಿ ಉದ್ದದ್ದು, ನಡುವೆ ಅಡ್ಡಗೋಡೆಯಿಲ್ಲ. ವಿಮಾನದೊಳಗೆ ನೆಲದ ರಂಧ್ರದ ಮೇಲೆ ಕೈವಿಂಚ್ ಕೂರಿಸಿ, ಕೇಬಲ್ ಕೆಳಗಿಳಿಸಿ, ಒಬ್ಬ ಮೇಲೆ ಹಿಡಿಕೆ ತಿರುಗಿಸಿದರೆ ಕೆಳಗಿದ್ದವರು ಬಾಂಬನ್ನು ಅಲುಗದಂತೆ ಹಿಡಿದು ಕೊಕ್ಕೆಗೆ ಸೇರಿಸುತ್ತಿದ್ದರು. ಕೊಕ್ಕೆ ‘ಕ್ಲಿಕ್’ ಎಂದಿತೇ ಎಂದು ಕೇಳಿಸಿಕೊಳ್ಳಬೇಕು. ಅದು ಅರ್ಧ ಕಚ್ಚಿದ್ದರೆ ಎರಡೇ ದಾರಿ: ನೆಲದಲ್ಲೇ ಕಳಚಿ ಬೀಳುತ್ತದೆ, ಇಲ್ಲವೇ ಗುರಿಯ ಮೇಲೆ ಗುಂಡಿ ಒತ್ತಿದಾಗ ಬೀಳುವುದೇ ಇಲ್ಲ. ಎತ್ತರದ ಚಳಿಗೆ ತೇವ ಹೆಪ್ಪುಗಟ್ಟಿ ಕೊಕ್ಕೆ ಸಿಕ್ಕಿಕೊಂಡದ್ದೂ ಇದೆ. ಹಾಗೆ ತೂಗಾಡಿಕೊಂಡು ಉಳಿದ ಬಾಂಬ್, ಮರಳಿ ಇಳಿಯುವಾಗ ಚಕ್ರ ನೆಲಕ್ಕೆ ತಾಗಿದ ಏಟಿಗೆ ಕಳಚಬಹುದು. ಅದಕ್ಕೇ ಬಾಂಬ್ ಏಮರ್ ತಿರುಗಿ ಬರುವಾಗ ತಪಾಸಣೆಯ ಕಿಂಡಿಗಳಿಂದ ಟಾರ್ಚ್ ಹಾಕಿ ಬೇ ಖಾಲಿಯೇ ಎಂದು ನೋಡಲೇಬೇಕಿತ್ತು.

ಮಧ್ಯಾಹ್ನ ಗುರಿ ಬದಲಾದರೆ ಏರಿಸಿದ್ದನ್ನೆಲ್ಲ ಇಳಿಸಿ ಬೇರೆ ಹೊರೆ ಏರಿಸಬೇಕು. ದಾಳಿಯೇ ರದ್ದಾದರೂ ಅಷ್ಟೇ. ಮಳೆ, ಕೆಸರು, ಆತುರ, ದಣಿವು. ಅಪಘಾತಗಳು ಆಗುತ್ತಿದ್ದದ್ದು ಇಂಥ ಹೊತ್ತಿನಲ್ಲೇ. ಯುದ್ಧ ಮುಗಿಯಲು ಮೂರು ವಾರ ಇದ್ದಾಗ, 1945ರ ಏಪ್ರಿಲ್ 17ರಂದು, ಲಿಂಕನ್‌ಶೈರಿನ ಈಸ್ಟ್ ಕರ್ಕ್‌ಬಿಯಲ್ಲಿ ಬಾಂಬ್ ಏರಿಸುವಾಗಲೇ ಸ್ಫೋಟವಾಗಿ ನೆಲದ ಸಿಬ್ಬಂದಿ ಸತ್ತರು, ಸುತ್ತಲಿನ ಹಲವು ಲ್ಯಾಂಕಾಸ್ಟರ್‌ಗಳು ನಾಶವಾದವು.

ಇತ್ತ ಪ್ರತಿ ವಿಮಾನಕ್ಕೂ ಅದರದೇ ಫಿಟ್ಟರ್, ರಿಗ್ಗರ್‌ಗಳು. ಫಿಟ್ಟರ್‌ಗೆ ಎಂಜಿನ್, ರಿಗ್ಗರ್‌ಗೆ ರೆಕ್ಕೆ, ಮೈ, ಚಕ್ರ. ವಿಮಾನಗಳು ಹ್ಯಾಂಗರಿನಲ್ಲಿ ಇರುತ್ತಿರಲಿಲ್ಲ. ಒಂದೇ ದಾಳಿಗೆ ಎಲ್ಲ ನಾಶವಾಗಬಾರದೆಂದು ಮೈದಾನದ ಅಂಚಿನಲ್ಲಿ ದೂರ ದೂರ ಚದುರಿಸಿ, ಬಾಣಲೆಯಂಥ ಗುಂಡನೆಯ ಕಾಂಕ್ರೀಟ್ ಹಾಸಿನ ಮೇಲೆ ನಿಲ್ಲಿಸುತ್ತಿದ್ದರು. ಎಂಜಿನ್ ಕೆಲಸವೆಲ್ಲ ಬಯಲಲ್ಲೇ. ಮರ್ಲಿನ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬದಲಿಸಲು ಬೆರಳುಗಳು ಇಕ್ಕಟ್ಟಿನಲ್ಲಿ ಆಡಬೇಕು, ಕೈಗವಸು ಹಾಕಿದರೆ ಆಗುವುದಿಲ್ಲ. ಹಿಮ ಬಿದ್ದ ದಿನ ಬರಿಗೈ ಲೋಹಕ್ಕೆ ತಾಗಿದರೆ ಚರ್ಮ ಅಂಟಿಕೊಳ್ಳುತ್ತಿತ್ತು. ರೆಕ್ಕೆಯ ಮೇಲಿನ ಹಿಮವನ್ನು ಗುಡಿಸಿ ತೆಗೆಯದಿದ್ದರೆ ಭಾರಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ: ಒರಟಾದ ಮೇಲ್ಮೈ ರೆಕ್ಕೆಯ ಎತ್ತುವ ಶಕ್ತಿಯನ್ನೇ ಕುಗ್ಗಿಸುತ್ತದೆ, ತುಂಬಿದ ವಿಮಾನ ರನ್‌ವೇ ಮುಗಿದರೂ ಏಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾರುವ ತಂಡ ಬಂದು ಅರ್ಧ ಗಂಟೆ ವಿಮಾನವನ್ನು ಪರೀಕ್ಷೆಗೆ ಹಾರಿಸಿ, ಏನು ಸರಿಯಿಲ್ಲ ಎಂದು ನೆಲದವರಿಗೆ ಹೇಳುತ್ತಿತ್ತು. ಎಲ್ಲ ದುರಸ್ತಿಯಾದ ಮೇಲೆ ಫಾರ್ಮ್ 700 ಎಂಬ ದಾಖಲೆಯಲ್ಲಿ ಒಬ್ಬೊಬ್ಬ ಕೆಲಸಗಾರನೂ ತನ್ನ ಭಾಗಕ್ಕೆ ಸಹಿ ಹಾಕುತ್ತಿದ್ದ. ಹೊರಡುವ ಮುನ್ನ ಪೈಲಟ್ ಅದರ ಕೆಳಗೆ ಸಹಿ ಹಾಕಿ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದ. ಆವರೆಗೆ ವಿಮಾನ ನೆಲದವರದು. ಅವರ ಮಾತಿನಲ್ಲಿ ಆಮೇಲೂ ಅದು ಅವರದೇ. ಹಾರುವವರಿಗೆ ಒಂದು ರಾತ್ರಿಯ ಮಟ್ಟಿಗೆ ಎರವಲು ಕೊಟ್ಟದ್ದು.

ಬ್ರೀಫಿಂಗ್ ಕೋಣೆಯಲ್ಲಿ ಪರದೆ ಸರಿದಾಗ ನಕ್ಷೆಯ ಮೇಲೆ ಕೆಂಪು ದಾರ ಕಾಣುತ್ತಿತ್ತು, ನೆಲೆಯಿಂದ ಗುರಿಗೆ, ಗುರಿಯಿಂದ ನೆಲೆಗೆ. ನ್ಯಾವಿಗೇಟರ್‌ಗಳಿಗೆ ಅದಕ್ಕೂ ಮುಂಚೆ ಬೇರೆ ಸಭೆ, ಅವರು ದಾರಿ ಗೀಚಿಕೊಳ್ಳಬೇಕಲ್ಲ. ಹವಾಮಾನ, ಬಣ್ಣದ ಗುರುತು ದೀಪಗಳು, ವೈರ್‌ಲೆಸ್ ತರಂಗಾಂತರ, ಶತ್ರು ತೋಪುಗಳ ಜಾಗ ಎಲ್ಲ ಹೇಳಿದ ಮೇಲೆ ಗಡಿಯಾರಗಳನ್ನು ಸೆಕೆಂಡಿಗೆ ಹೊಂದಿಸುತ್ತಿದ್ದರು. ನೂರಾರು ವಿಮಾನಗಳು ದೀಪವಿಲ್ಲದೆ ಒಂದೇ ಗುರಿಯ ಮೇಲೆ ಕೆಲವೇ ನಿಮಿಷದಲ್ಲಿ ಹಾದುಹೋಗಬೇಕು. ಒಬ್ಬನ ಗಡಿಯಾರ ತಪ್ಪಿದರೆ ಇನ್ನೊಬ್ಬನ ಬಾಂಬು ಅವನ ಮೇಲೆಯೇ ಬೀಳಬಹುದು. ಆಮೇಲೆ ಊಟ: ಹಂದಿಮಾಂಸದ ಜೊತೆ ಮೊಟ್ಟೆ. ರೇಷನ್ನಿನ ಕಾಲದಲ್ಲಿ ಊರಿನವರಿಗೆ ವಾರಕ್ಕೊಂದು ಮೊಟ್ಟೆ ಸಿಕ್ಕರೆ ಹೆಚ್ಚು, ಹಾಗಾಗಿ ತಟ್ಟೆಯಲ್ಲಿ ಮೊಟ್ಟೆ ಕಂಡಿತೆಂದರೆ ಅಂದು ಹಾರಾಟ ಇದೆ ಎಂದೇ ಅರ್ಥ. ಜೇಬಿನಲ್ಲಿದ್ದ ಪತ್ರ, ಬಸ್ ಟಿಕೆಟ್ ಎಲ್ಲ ತೆಗೆದಿಡಬೇಕು. ಸೆರೆಸಿಕ್ಕರೆ ಅವೇ ನೆಲೆಯ ಗುರುತು ಹೇಳಿಬಿಡುತ್ತವೆ. ಬದಲಿಗೆ ರೇಷ್ಮೆ ಬಟ್ಟೆಯ ನಕ್ಷೆ, ಪುಟ್ಟ ದಿಕ್ಸೂಚಿ, ದಾರಿಯಲ್ಲಿ ಹಾದುಹೋಗುವ ದೇಶಗಳ ಒಂದಿಷ್ಟು ಹಣ.

ಹಿಂಬದಿಯ ಗನ್ನರ್ ಉಡುಪು ತೊಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 20,000 ಅಡಿಯಲ್ಲಿ, ವಿಮಾನದ ಬಾಲದ ತುದಿಯಲ್ಲಿ ಅವನು ಕೂರುವ ತಿರುಗುವ ಗನ್ ಗೂಡಿನಲ್ಲಿ ಮೈನಸ್ 30, ಮೈನಸ್ 40 ಡಿಗ್ರಿ. ಉಣ್ಣೆಯ ಒಳ ಉಡುಪು, ಅದರ ಮೇಲೆ ವಿದ್ಯುತ್ ತಂತಿ ಹೆಣೆದ ಬಿಸಿ ಉಡುಪು, ಬಿಸಿ ಕಾಲ್ಚೀಲ, ಮೂರು ನಾಲ್ಕು ಪದರ ಕೈಗವಸು, ಹೊರಗೆ ದಪ್ಪ ಸೂಟ್. ಇದನ್ನೆಲ್ಲ ಎಲ್ಲರಿಗಿಂತ ಕೊನೆಗೆ, ನಿಧಾನವಾಗಿ ತೊಡಬೇಕಿತ್ತು. ಆತುರಪಟ್ಟು ನೆಲದಲ್ಲೇ ಬೆವರಿದರೆ ಆ ಬೆವರು ಮೇಲೆ ಮೈಗೇ ಹೆಪ್ಪುಗಟ್ಟುತ್ತದೆ. ತಂತಿ ಒಂದೆಡೆ ಕಡಿದರೆ ಒಂದು ಪಾದ ಸತ್ತಂತೆ ಮರಗಟ್ಟುತ್ತದೆ, ಇನ್ನೊಂದೆಡೆ ಚರ್ಮ ಸುಡುತ್ತದೆ. ಉಸಿರಿನ ತೇವ ಆಕ್ಸಿಜನ್ ಮಾಸ್ಕಿನ ಕೊಳವೆಯಲ್ಲಿ ಮಂಜುಗಡ್ಡೆಯಾಗಿ ಉಸಿರೇ ಕಟ್ಟಬಹುದು. ಆಗಾಗ ಮಾಸ್ಕನ್ನು ಹಿಸುಕಿ ಅದನ್ನು ಒಡೆಯುತ್ತಿರಬೇಕು. ಗೂಡಿನ ಪರ್ಸ್‌ಪೆಕ್ಸ್ ಗಾಜನ್ನು ಮಧ್ಯಾಹ್ನವೇ ಮೆತ್ತನೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ಇಟ್ಟಿರುತ್ತಿದ್ದ, ಏಕೆಂದರೆ ಕತ್ತಲಲ್ಲಿ ಒಂದು ಧೂಳಿನ ಚುಕ್ಕೆಯೂ ದೂರದ ಫೈಟರ್‌ನಂತೆ ಕಾಣುತ್ತದೆ. ಚಳಿಯಾದರೂ ಸರಿ ಎಂದು ಎಷ್ಟೋ ಗನ್ನರ್‌ಗಳು ಮುಂದಿನ ಗಾಜನ್ನೇ ಕತ್ತರಿಸಿ ತೆಗೆಸಿದರು. ಪ್ಯಾರಾಶೂಟ್ ಗೂಡಿನಲ್ಲಿ ಹಿಡಿಸುವುದಿಲ್ಲ. ಬೆನ್ನ ಹಿಂದಿನ ಬಾಗಿಲು ತೆರೆದು, ವಿಮಾನದೊಳಗೆ ಗೋಡೆಗೆ ಸಿಕ್ಕಿಸಿದ್ದನ್ನು ತೆಗೆದು ಎದೆಗೆ ಕಟ್ಟಿಕೊಂಡ ಮೇಲಷ್ಟೇ ಜಿಗಿತ. ಎಡಗಡೆಯ ಹೊರ ಎಂಜಿನ್ ನಿಂತರೆ ಗೂಡು ತಿರುಗಿಸುವ ಹೈಡ್ರಾಲಿಕ್ ಒತ್ತಡವೂ ನಿಲ್ಲುತ್ತದೆ, ಆಮೇಲೆ ಕೈಯಿಂದ ತಿರುಗಿಸಬೇಕು.

ಸಂಜೆ, ರೇಡಿಯೊ ಮೌನದಲ್ಲಿ, ವಿಮಾನಗಳು ಒಂದರ ಹಿಂದೊಂದು ರನ್‌ವೇ ಕಡೆಗೆ ತೆವಳುತ್ತವೆ. ಇಲ್ಲಿ ಮರ್ಲಿನ್‌ಗೆ ಒಂದು ಗಂಡಾಂತರ: ದ್ರವದಿಂದ ತಣಿಯುವ ಎಂಜಿನ್, ರೇಡಿಯೇಟರಿಗೆ ಹಾರಾಟದ ಗಾಳಿ ಬೇಕು. ಸಾಲಿನಲ್ಲಿ ಹೆಚ್ಚು ಹೊತ್ತು ನಿಂತರೆ ಕಾದು ಕುದಿಯುತ್ತದೆ. ಹಾಗಾಗಿ ಮುಂದಿನವನು ತಡಮಾಡಿದರೆ ಹಿಂದಿನವರೆಲ್ಲರ ಕಣ್ಣು ಉಷ್ಣತೆಯ ಮುಳ್ಳಿನ ಮೇಲೆ. ರನ್‌ವೇ ತುದಿಯ ಗಾಡಿಯಿಂದ ಹಸಿರು ದೀಪ ಕಂಡೊಡನೆ ಪೈಲಟ್ ಥ್ರಾಟಲ್ ತಳ್ಳುತ್ತಾನೆ, ಎಡಗಡೆಯವನ್ನು ತುಸು ಮುಂದಾಗಿ. ಲ್ಯಾಂಕಾಸ್ಟರ್ ಓಡುವಾಗ ಎಡಕ್ಕೆ ಎಳೆಯುತ್ತದೆ. ಆ ಎಳೆತವನ್ನು ಮೊದಲೇ ಹಿಡಿಯದಿದ್ದರೆ ವಿಮಾನ ಅಡ್ಡ ತಿರುಗಿ ಚಕ್ರದ ಕಾಲು ಮುರಿಯುತ್ತದೆ, ಮೇಲೆ ಪೆಟ್ರೋಲ್, ಕೆಳಗೆ ಕುಕಿ. ಪೈಲಟ್ ಎರಡೂ ಕೈಯಲ್ಲಿ ಯೋಕ್ ಎಂಬ ಚಾಲನೆಯ ಹಿಡಿಕೆ ಹಿಡಿದಾಗ ಎಂಜಿನಿಯರ್ ಥ್ರಾಟಲ್‌ಗಳನ್ನು ಮುಂದೊತ್ತಿ ಹಿಡಿಯುತ್ತಾನೆ. ಮುಖ್ಯ ರನ್‌ವೇ 2,000 ಗಜ. ತುಂಬಿದ ವಿಮಾನ ಅದರ ಬಹುಭಾಗವನ್ನು ನುಂಗಿಯೇ ಏಳುತ್ತಿತ್ತು.

ಮೇಲಿನ ಹೋರಾಟದ ಬಗ್ಗೆ ನೀವು ಸಾಕಷ್ಟು ಓದಿದ್ದೀರಿ, ನಮ್ಮ ಪೆಟ್ರೋಲಿನ ದಾರದಲ್ಲಿ ಬರುವಷ್ಟನ್ನು ಹೇಳುತ್ತೇನೆ. ಒಂದೊಂದು ರೆಕ್ಕೆಯಲ್ಲಿ ಮೂರು ಟ್ಯಾಂಕ್: 580, 383, 114 ಗ್ಯಾಲನ್. ಮೂರನೆಯದು ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ, ಎರಡನೆಯದಕ್ಕೆ ಸಾಗಿಸಿಯೇ ಬಳಸಬೇಕು. ಎಂಜಿನಿಯರ್ ಹೊತ್ತು ಹೊತ್ತಿಗೆ ಗೇಜ್ ಓದಿ, ಬರೆದು, ತನ್ನ ಲೆಕ್ಕಕ್ಕೆ ತಾಳೆ ನೋಡುತ್ತಿದ್ದ. ಗೇಜಿಗಿಂತ ಬರೆದ ಲೆಕ್ಕವನ್ನೇ ನಂಬುವುದು ಅನುಭವಿಗಳ ಪದ್ಧತಿ. ತಾಳೆ ತಪ್ಪಿದರೆ ಎಲ್ಲೋ ಸೋರುತ್ತಿದೆ. ಆ ಕಡೆಯ ಎಂಜಿನ್‌ಗಳಿಗೆ ಮೊದಲು ಆ ಟ್ಯಾಂಕನ್ನೇ ಖಾಲಿ ಮಾಡಿಸಬೇಕು, ಸೋರಿ ಹೋಗುವ ಬದಲು ಉರಿದಾದರೂ ಹೋಗಲಿ ಎಂದು. ಬಾಂಬ್ ಬಿಟ್ಟ ಮೇಲೂ ಸುಮಾರು ಅರ್ಧ ನಿಮಿಷ ನೇರ, ಸಮತಟ್ಟಾಗಿ ಹಾರಬೇಕಿತ್ತು, ಬಾಂಬ್ ಎಲ್ಲಿ ಬಿತ್ತು ಎಂಬ ಫೋಟೊಗಾಗಿ. ಇಡೀ ರಾತ್ರಿಯಲ್ಲಿ ಅತಿ ಉದ್ದದ ಅರ್ಧ ನಿಮಿಷ ಅದೇ.

ಮರಳುವಾಗ ಶತ್ರುವಿನಷ್ಟೇ ಭಯ ಮಂಜಿನದು. 1943ರ ಡಿಸೆಂಬರ್ 16ರ ರಾತ್ರಿ ಬರ್ಲಿನ್ ದಾಳಿಯಲ್ಲಿ 25 ಲ್ಯಾಂಕಾಸ್ಟರ್‌ಗಳು ಹೊರಗೆ ಕಳೆದುಹೋದವು; ಇಂಗ್ಲೆಂಡಿಗೆ ಬಂದು ಮುಟ್ಟಿದ ಮೇಲೆ, ದಟ್ಟ ಮಂಜಿನಲ್ಲಿ ರನ್‌ವೇ ಕಾಣದೆ ಇನ್ನೂ 29 ವಿಮಾನಗಳು ಅಪ್ಪಳಿಸಿದವು ಇಲ್ಲವೇ ಜನ ಧುಮುಕಿದ ಮೇಲೆ ಬಿದ್ದುಹೋದವು. ಅವುಗಳಲ್ಲಿ ಕೆಲವು, ತಮ್ಮ ನೆಲೆಯ ಮೇಲೆ ಸುತ್ತುತ್ತಾ ಪೆಟ್ರೋಲ್ ಮುಗಿದ ವಿಮಾನಗಳು. ರನ್‌ವೇಯ ಎರಡೂ ಬದಿ ಕೊಳವೆಯಲ್ಲಿ ಪೆಟ್ರೋಲ್ ಉರಿಸಿ ಮಂಜನ್ನು ಎತ್ತುವ ಫೈಡೊ ವ್ಯವಸ್ಥೆ ಆಗಿನ್ನೂ ಕೆಲವೇ ನೆಲೆಗಳಿಗೆ ಬಂದಿತ್ತು.

ಕೋಲಾರದ ಓದುಗರಿಗಾಗಿ ಒಂದು ಮಾತು. ಇದೇ ವಾಯುಪಡೆ 1944ರಲ್ಲಿ ಕೋಲಾರದಲ್ಲಿ ಲಿಬರೇಟರ್ ಬಾಂಬರ್‌ಗಳ ತರಬೇತಿ ಘಟಕ ನಡೆಸಿತು. ಅದೇ ನವೆಂಬರಿನಲ್ಲಿ ಅಲ್ಲಿಯೇ 358ನೇ ಸ್ಕ್ವಾಡ್ರನ್ ರಚನೆಯಾಯಿತು. ಲಿಬರೇಟರಿನದು ಗಾಳಿಯಿಂದ ತಣಿಯುವ ಎಂಜಿನ್. ಅಲ್ಲಿನ ಫಿಟ್ಟರ್‌ಗೆ ಹಿಮದ ಬದಲು ಬಿಸಿಲು ಶತ್ರು, ಹೊತ್ತೇರಿದ ಮೇಲೆ ಲೋಹ ಮುಟ್ಟಲಾಗುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು. ಅವು 1968ರವರೆಗೆ ಹಾರಿದವು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಒಬ್ಬ ಹಾರುವವನ ಒಂದು ಸರದಿ 30 ದಾಳಿಗಳದು. ಯುದ್ಧ ಮುಗಿಯುವಷ್ಟರಲ್ಲಿ ಬಾಂಬರ್ ಕಮಾಂಡಿನ ಸುಮಾರು 1,25,000 ಹಾರುವವರಲ್ಲಿ 55,573 ಜನ ಸತ್ತಿದ್ದರು, ಹಾಗಾಗಿ ನೆಲದವರಿಗೆ ಈ ಕಾಯುವಿಕೆ ಹೊಸದಲ್ಲ. ಕಂಟ್ರೋಲ್ ಟವರಿನ ಕಪ್ಪು ಹಲಗೆಯಲ್ಲಿ ಪ್ರತಿ ವಿಮಾನದ ಅಕ್ಷರ, ಹೊರಟ ಸಮಯ, ಇಳಿದ ಸಮಯ. ಇಳಿದವರನ್ನು ಚಹಾ ಕೊಟ್ಟು ವಿಚಾರಿಸುವ ಗುಪ್ತಚರ ಅಧಿಕಾರಿಯ ಮೇಜಿನ ಬಳಿಯೂ ಇಲ್ಲ, ಬೇರೆ ನೆಲೆಯಲ್ಲಿ ಇಳಿದೆವೆಂಬ ಫೋನೂ ಇಲ್ಲ ಎಂದಾದರೆ ಮೂರನೆಯ ಕಾಲಂ ಖಾಲಿ ಉಳಿಯುತ್ತಿತ್ತು. ಆದರೆ ಡಿಸ್ಪರ್ಸಲ್‌ನಲ್ಲಿ, ಅಂದರೆ ಮೈದಾನದ ಅಂಚಿನ ಆ ಕಾಂಕ್ರೀಟ್ ಹಾಸಿನ ಬಳಿ ಕಾಯುವ ಫಿಟ್ಟರ್‌ಗೆ ಹಲಗೆ ಬೇಕಿರಲಿಲ್ಲ. ಮಧ್ಯಾಹ್ನ ಟ್ಯಾಂಕಿನ ಬಾಯಿ ಮುಚ್ಚಿದವನು ಅವನು, ಎಷ್ಟು ಗ್ಯಾಲನ್ ಹೋಗಿದೆ ಎಂದು ಅವನಿಗೆ ಗೊತ್ತು. ಗಂಟೆಗೆ ಇನ್ನೂರರಂತೆ ಭಾಗಿಸಿದರೆ ಬರುವ ಹೊತ್ತು ದಾಟುವವರೆಗೆ ಅವನು ಗುಡಿಸಲಿನ ಒಲೆಯ ಬಳಿ, ಬಾಗಿಲು ತೆರೆದಿಟ್ಟುಕೊಂಡು, ಎಂಜಿನ್ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ. ಅದು ದಾಟಿ ಇನ್ನೂ ಒಂದು ಗಂಟೆ ಕೂತವರಿದ್ದರು. ಬೆಳಗಾದ ಮೇಲೆ ಬ್ಯಾರಕ್ಕಿನ ಏಳು ಹಾಸಿಗೆಗಳ ಬಳಿಯ ಸಾಮಾನು ಕಟ್ಟಲು ಬೇರೆ ಸಿಬ್ಬಂದಿ ಬರುತ್ತಿದ್ದರು. ಎರಡು ಮೂರು ದಿನದಲ್ಲಿ ಅದೇ ಕಾಂಕ್ರೀಟ್ ಹಾಸಿನ ಮೇಲೆ, ಅದೇ ಅಕ್ಷರ ಬರೆದ ಹೊಸ ಲ್ಯಾಂಕಾಸ್ಟರ್ ಬಂದು ನಿಲ್ಲುತ್ತಿತ್ತು, ಹೊಸ ಫಾರ್ಮ್ 700ರ ಜೊತೆ.